ಸಂಜಯನ ವೃತ್ತಿ

ಕುರುಕ್ಷೇತ್ರದ ಹದಿನೆಂಟು ದಿನಗಳ ಯುದ್ಧದಲ್ಲಿ ಯಾರು ಗೆದ್ದರು, ಯಾರು ಬಿದ್ದರೆಂಬುದು ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ತಿಳಿದ ಸಂಗತಿ. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ್ದು, ಅಭಿಮನ್ಯುವು ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದದ್ದು, ಕರ್ಣನ ರಥದ ಗಾಲಿ ನೆಲದಲ್ಲಿ ಹೂತುಹೋದದ್ದು, ಇವೆಲ್ಲವೂ ನಮ್ಮ ಕಣ್ಣೆದುರಿಗೇ ನಡೆದಂತೆ ತೋರುವುವು. ಆದರೆ ಇವನ್ನೆಲ್ಲ ಕಂಡು ಹೇಳಿದವನ ನೆನಪು ಎಷ್ಟು ಜನಕ್ಕೆ ಬರುವುದು? ಸಂಜಯನ ಹೆಸರಿನಲ್ಲಿ ಯಾವ ಜಯವೂ ಇಲ್ಲ. ಅವನಿಗೆ ಗುಡಿಯಿಲ್ಲ, ಜಾತ್ರೆಯಿಲ್ಲ. ಕಣ್ಣಿಲ್ಲದ ಅರಸನಿಗೆ ಅವನು ಕಣ್ಣಾದನು, ಅಷ್ಟೆ. ಹಾಗಿದ್ದರೂ ಅವನೊಬ್ಬನು ಇಲ್ಲದಿದ್ದರೆ ಯುದ್ಧವು ನಡೆದೂ ಆ ಅರಸನ ಪಾಲಿಗೆ ನಡೆಯದಂತೆಯೇ ಆಗುತ್ತಿತ್ತು.

ಈ ಕಾಲದಲ್ಲಿ ಪ್ರತಿಯೊಂದು ಮನೆಯ ನಡುಮನೆಯಲ್ಲಿಯೂ ಒಬ್ಬ ಧೃತರಾಷ್ಟ್ರನು ಕುಳಿತಿರುವನೆಂದರೆ ವಾಚಕರು ಕೋಪಿಸಿಕೊಳ್ಳಲಾಗದು. ಸಂಜೆಯ ಹೊತ್ತು ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕುಳಿತು, ಸಾವಿರಾರು ಮೈಲಿಯಾಚೆ ನಡೆಯುವ ಪಂದ್ಯವನ್ನು ನೋಡಿ ಹಿಗ್ಗುವರು, ಕುಗ್ಗುವರು. ನೋಡುತ್ತಿರುವ ಕಣ್ಣು ತಮ್ಮದೇ ಎಂದು ತಿಳಿದಿರುವರು. ಅದು ತಮ್ಮದಲ್ಲ. ಬಿಸಿಲಿನಲ್ಲಿಯೋ ಮಂಜಿನಲ್ಲಿಯೋ ಹೆಗಲ ಮೇಲೆ ಕ್ಯಾಮರಾ ಹೊತ್ತು ನಿಂತ ಒಬ್ಬ ಹೆಸರರಿಯದ ಮನುಷ್ಯನ ಕಣ್ಣು ಅದು. ಆ ಮನುಷ್ಯನ ವೃತ್ತಿಯನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಈ ಮಾತು ಬರಲು ಕಾರಣವೂ ಉಂಟು. ನಮ್ಮ ಹುಲ್ಲಹಳ್ಳಿಯಲ್ಲಿ, ಕಪಿಲಾ ನದಿಯ ಅಣೆಕಟ್ಟಿನಿಂದ ಹೊರಡುವ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಕಿರಿಯ ಮಗನು ನಮ್ಮಲ್ಲಿಯೇ ಓದಿದವನು, ಗರಡಿಯಲ್ಲಿ ಎರಡು ಮೂರು ವರ್ಷ ಮೈಗೆ ಮಣ್ಣು ಮೆತ್ತಿಕೊಂಡವನು, ಈಗ ಪದವೀಧರ. ಅವನಿಗೆ ಹಿಡಿದಿರುವ ಹುಚ್ಚೆಂದರೆ ದೇಶದೇಶಗಳಿಗೆ ಹೋಗಿ ಆಟೋಟಗಳ ಸಾಕ್ಷ್ಯಚಿತ್ರಗಳಿಗೆ ಛಾಯಾಗ್ರಾಹಕನಾಗಬೇಕೆಂಬುದು. ಅದಕ್ಕಾಗಿ ಒಂದು ಒಳ್ಳೆಯ ಕ್ಯಾಮರಾ ಕೊಡಿಸೆಂದು ತಂದೆಯನ್ನು ಹಟಹಿಡಿದಿದ್ದನು. ಕೊಡಿಸಬೇಕಾದರೆ ಅರ್ಧ ಎಕರೆ ಗದ್ದೆಯನ್ನು ಅಡವಿಡಬೇಕು. “ಮೇಷ್ಟ್ರೇ, ಆಟ ಆಡ್ತೀನಿ ಅಂದ್ರೆ ಒಪ್ಪಬೌದು. ಆಡೋರನ್ನ ಚಿತ್ರ ತೆಗೀತೀನಿ ಅಂತಾನಲ್ಲ, ಇದೂ ಒಂದು ಕೆಲ್ಸವೇ?” ಎಂದು ಅವರು ಕೇಳಿದರು. ಅವರ ಮಡದಿಯ ಚಿಂತೆ ಬೇರೆ: “ಊರೂರು ಸುತ್ತಿದ್ರೆ ಹೊತ್ತಿಗೆ ಸರಿಯಾಗಿ ಅನ್ನ ಹಾಕೋರು ಯಾರು?” ಎರಡು ಪ್ರಶ್ನೆಗಳೂ ಯೋಗ್ಯವಾದವೇ. ತಿಂಗಳೊಪ್ಪತ್ತು ಕಾಲಾವಕಾಶ ಬೇಡಿ, ತಿಳಿದವರನ್ನು ಕೇಳಿ, ಓದಿ, ನೋಡಿ, ನಾವು ಕಂಡುಕೊಂಡದ್ದನ್ನು ಅವರ ಮುಂದೆ ಇಟ್ಟೆವು. ಇತರ ಮನೆಗಳಲ್ಲಿಯೂ ಇಂತಹ ಮಕ್ಕಳು ಇರಬಹುದಾದುದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಚಲಿಸುವುದನ್ನು ಹಿಡಿದು ನಿಲ್ಲಿಸಬೇಕೆಂಬ ಆಸೆ ಇಂದಿನದಲ್ಲ. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯನ್ನು ಕಾಳಿದಾಸನು ವರ್ಣಿಸಿರುವ ಬಗೆಯನ್ನು ನಾವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇವೆ. ಕವಿಯು ಆ ಪ್ರಾಣಿಯ ಕೊರಳು, ಬಾಯಿ, ಹಿಂಗಾಲುಗಳನ್ನು ಬೇರೆ ಬೇರೆಯಾಗಿ ನೋಡುವನು. ಅದರ ಗೊರಸು ಭೂಮಿಯನ್ನು ಮುಟ್ಟುವುದೇ ಅಪರೂಪವೆಂಬ ಭಾವ ಓದುವವನಿಗೆ ತಾನಾಗಿ ಬರುವುದು. ಕವಿಯ ಕಣ್ಣಿಗೆ ಕಂಡದ್ದು ಶಾಸ್ತ್ರದ ಕಣ್ಣಿಗೆ ಕಾಣಲು ಬಹು ಶತಮಾನಗಳು ಬೇಕಾದುವು. ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಡುವುವೋ ಇಲ್ಲವೋ ಎಂಬುದು ಪಶ್ಚಿಮ ದೇಶಗಳಲ್ಲಿ ತೀರದ ಜಗಳವಾಗಿತ್ತು. ೧೮೭೮ರ ಜೂನ್ ತಿಂಗಳಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲೆಲಾಂಡ್ ಸ್ಟ್ಯಾನ್‌ಫರ್ಡ್ ಎಂಬ ಧನಿಕನ ಕುದುರೆಗಳನ್ನು ಓಡಿಸಿ, ಎಡ್ವರ್ಡ್ ಮೈಬ್ರಿಡ್ಜ್ ಎಂಬ ಛಾಯಾಗ್ರಾಹಕನು ಇದನ್ನು ಇತ್ಯರ್ಥಗೊಳಿಸಿದನು. ಓಟದ ದಾರಿಯ ಪಕ್ಕದಲ್ಲಿ ಸಾಲಾಗಿ ಹನ್ನೆರಡು ಕ್ಯಾಮರಾಗಳು. ದಾರಿಗೆ ಅಡ್ಡಲಾಗಿ ಹನ್ನೆರಡು ಎಳೆಗಳು. ಕುದುರೆಯ ಓಟಕ್ಕೆ ಒಂದೊಂದು ಎಳೆ ಹರಿದಂತೆ ಒಂದೊಂದು ಕ್ಯಾಮರಾ ಕಣ್ಣು ತೆರೆಯುವುದು. ನಾಲ್ಕು ಕಾಲೂ ನೆಲ ಬಿಡುವುದು ದಿಟವೆಂದಾಯಿತು. ಮತ್ತೊಂದು ಸೋಜಿಗವೂ ತಿಳಿಯಿತು. ಚಿತ್ರಗಾರರು ಕುದುರೆಯ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿದಂತೆ ಬರೆಯುವ ವಾಡಿಕೆಯಿತ್ತಲ್ಲವೆ? ನೆಲ ಬಿಟ್ಟ ಗಳಿಗೆಯಲ್ಲಿ ಅವು ಚಾಚಿರುವುದೇ ಇಲ್ಲ. ಹೊಟ್ಟೆಯ ಕೆಳಗೆ ಮಡಿಚಿ ಒಟ್ಟುಗೂಡಿರುವುವು. ಜಗತ್ತೆಲ್ಲ ದಿನವೂ ಕಾಣುತ್ತಿದ್ದುದನ್ನು ಯಾರೂ ಸರಿಯಾಗಿ ಕಂಡಿರಲಿಲ್ಲವೆಂಬುದೇ ಇದರ ಪಾಠ. ಚಲಚ್ಚಿತ್ರವು ಹುಟ್ಟಿದ್ದು ಈ ಬೇರಿನಿಂದ. ಎಂದರೆ ಆಟೋಟದ ಚಿತ್ರವು ಚಲಚ್ಚಿತ್ರದ ಕೂಸಲ್ಲ, ಅದರ ತಾಯಿ.

ಇನ್ನು ಕೆಲಸದ ಸ್ವರೂಪವನ್ನು ನೋಡುವಾ. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ ೨೪ ಸ್ಥಿರಚಿತ್ರಗಳು ಕಣ್ಣಮುಂದೆ ಹಾಯುವುವು. ಹಿಂದೆ ಬಳಕೆಯಲ್ಲಿದ್ದ ೩೫ ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ ೧೬ ಚಿತ್ರಗಳು. ಲೆಕ್ಕ ಮಾಡಿ ನೋಡಿದರೆ, ನಿಮಿಷಕ್ಕೆ ೯೦ ಅಡಿ ಫಿಲ್ಮು ಖರ್ಚಾಗುವುದು. ೪೦೦ ಅಡಿಯ ಸುರುಳಿಯೊಂದು ನಾಲ್ಕೂವರೆ ನಿಮಿಷದೊಳಗೆ ಮುಗಿಯುವುದು. ಓಟಗಾರನ ನಡೆಯನ್ನು ನಿಧಾನವಾಗಿ ತೋರಿಸಬೇಕಾದರೆ ಚಿತ್ರಗಳನ್ನು ವೇಗವಾಗಿ ತೆಗೆಯಬೇಕು: ಸೆಕೆಂಡಿಗೆ ೯೬ ತೆಗೆದು ೨೪ರಂತೆ ತೋರಿಸಿದರೆ ಒಂದು ಸೆಕೆಂಡಿನ ಓಟ ನಾಲ್ಕು ಸೆಕೆಂಡಾಗುವುದು. ಆಗ ಅದೇ ೪೦೦ ಅಡಿ ಒಂದು ನಿಮಿಷ ಏಳು ಸೆಕೆಂಡಿಗೆ ತೀರಿಹೋಗುವುದು. ನೂರು ಮೀಟರಿನ ಓಟಕ್ಕೆ ಹತ್ತು ಸೆಕೆಂಡು ಸಾಕು. ಆದರೆ ಅದು ಪ್ರಾರಂಭವಾಗುವುದು ಯಾವಾಗ? ಬೇಗನೆ ಗುಂಡಿ ಒತ್ತಿದವನ ಫಿಲ್ಮು ಗುರಿಯ ದಾರ ಹರಿಯುವ ಮೊದಲೇ ಮುಗಿಯುವುದು. ತಡವಾಗಿ ಒತ್ತಿದವನಿಗೆ ಓಟದ ಮೊದಲೇ ಇಲ್ಲ. ಈಗ ಫಿಲ್ಮು ಹೋಗಿ ಅಂಕೀಯ ಕ್ಯಾಮರಾ ಬಂದಿದೆ. ಸೆಕೆಂಡಿಗೆ ಸಾವಿರ ಚಿತ್ರ ತೆಗೆಯುವ ಯಂತ್ರಗಳೂ ಉಂಟು. ಬೌಲರನ ಚೆಂಡಿನ ಹೊಲಿಗೆ ತಿರುಗುವುದನ್ನು ನಾವು ಕುಳಿತಲ್ಲಿಂದ ಕಾಣುವುದು ಇವುಗಳ ಕೃಪೆಯಿಂದ. ಆದಾಗ್ಯೂ ಯಾವಾಗ, ಎತ್ತ ಕಡೆ ನೋಡಬೇಕೆಂಬುದನ್ನು ಯಾವ ಯಂತ್ರವೂ ಹೇಳಿಕೊಡುವುದಿಲ್ಲ.

ಅದನ್ನು ಹೇಳಿಕೊಡುವುದು ಆಟದ ಜ್ಞಾನ. ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಉದ್ದನೆಯ ಲೆನ್ಸಿನಲ್ಲಿ ಕಾಣುವ ಜಾಗ ಬಹಳ ಕಿರಿದು. ಕೈ ಕೂದಲೆಳೆಯಷ್ಟು ನಡುಗಿದರೂ ಪರದೆಯ ಮೇಲೆ ಅದು ಗೇಣಗಲವಾಗಿ ಕಾಣುವುದು. ಓಡುವವನನ್ನು ಹಿಂಬಾಲಿಸಿ ಹೋದರೆ ಅವನು ಚೌಕಟ್ಟಿನಿಂದ ಹೊರಗೆ ಬೀಳುವನು. ಅವನು ಹೋಗತಕ್ಕ ಜಾಗವನ್ನು ಮೊದಲೇ ಊಹಿಸಿ ಅವನ ಮುಂದೆ ಇಷ್ಟು ಬಯಲನ್ನು ಬಿಟ್ಟಿರಬೇಕು. ಅನುಭವಸ್ಥರು ಒಂದು ಕಣ್ಣನ್ನು ಕ್ಯಾಮರಾಕ್ಕೆ ಒತ್ತಿಟ್ಟು, ಇನ್ನೊಂದು ಕಣ್ಣನ್ನು ಮುಚ್ಚದೆ ತೆರೆದೇ ಇರುವರು. ಮುಂದೆ ಚೌಕಟ್ಟಿನೊಳಕ್ಕೆ ಬರತಕ್ಕದ್ದನ್ನು ಈ ಎರಡನೆಯ ಕಣ್ಣು ಮೊದಲೇ ಕಾಣುವುದು. ಮತ್ತೊಂದು ಕಟ್ಟಳೆ: ಮೈದಾನದ ಉದ್ದಕ್ಕೂ ಒಂದು ಗೆರೆಯನ್ನು ಮನಸ್ಸಿನಲ್ಲಿಯೇ ಎಳೆದುಕೊಂಡು, ಆ ಗೆರೆಯ ಒಂದೇ ಪಕ್ಕದಿಂದ ಚಿತ್ರ ತೆಗೆಯಬೇಕು. ಆಚೆಯಿಂದ ಒಂದು, ಈಚೆಯಿಂದ ಒಂದು ತೆಗೆದು ಜೋಡಿಸಿದರೆ, ಬಲಕ್ಕೆ ಓಡುತ್ತಿದ್ದವನು ಇದ್ದಕ್ಕಿದ್ದಂತೆ ಎಡಕ್ಕೆ ಓಡುವಂತೆ ಕಂಡು ನೋಡುವವನಿಗೆ ದಿಕ್ಕು ತಪ್ಪುವುದು. ಕ್ರಿಕೆಟ್ಟಿನಲ್ಲಿ ಇಂತಹುದೇ ಒಂದು ತೊಡಕಿತ್ತು. ಮೈದಾನದ ಒಂದೇ ತುದಿಯಲ್ಲಿ ಮುಖ್ಯ ಕ್ಯಾಮರಾ ಇದ್ದ ಕಾಲದಲ್ಲಿ, ಒಂದು ಓವರಿನಲ್ಲಿ ದಾಂಡಿಗನ ಮುಖ, ಮರು ಓವರಿನಲ್ಲಿ ಅವನ ಬೆನ್ನು! ೧೯೭೭ರಲ್ಲಿ ಆಸ್ಟ್ರೇಲಿಯಾದ ಕೆರಿ ಪ್ಯಾಕರ್ ನಡೆಸಿದ ಪಂದ್ಯಾವಳಿಯಲ್ಲಿ ಎರಡು ತುದಿಗಳಲ್ಲಿಯೂ ಕ್ಯಾಮರಾ ಇಟ್ಟ ಮೇಲೆ ಈ ಸಂಕಟ ಕಳೆಯಿತು. ಇಷ್ಟು ಸುಲಭವಾದ ಉಪಾಯಕ್ಕೂ ಯಾರೋ ಒಬ್ಬರು ಯೋಚಿಸಬೇಕಾಯಿತು.

ಛಾಯಾಗ್ರಹಣದಲ್ಲಿ ನಮ್ಮ ಮೈಸೂರು ಹಿಂದೆ ಬಿದ್ದ ಸೀಮೆಯಲ್ಲ. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಮನೆ ಕಂಡವರು, ಪಿಟೀಲು ಬಲ್ಲವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಶಿಕ್ಷಣ ಮೊದಲಾದಾಗ ಮೊದಲನೆಯ ತಂಡದಲ್ಲಿ ಸೇರಿ, ೧೯೪೬ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಗುರುದತ್ತರ ‘ಕಾಗಜ್ ಕೆ ಫೂಲ್’ ಎಂಬ ೧೯೫೯ರ ಚಿತ್ರದಲ್ಲಿ, ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಕತ್ತಲೆಯ ಸ್ಟುಡಿಯೋದೊಳಕ್ಕೆ ಒಂದು ಕಂಬದಂತೆ ಇಳಿಸಿದ ಅವರ ಕೌಶಲವನ್ನು ಬಲ್ಲವರು ಇಂದಿಗೂ ಕೊಂಡಾಡುವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿಗೆ ಸಂದದ್ದು ಅವರಿಗೇ. ಅದು ೨೦೦೮ನೆಯ ಸಾಲಿನ ಪ್ರಶಸ್ತಿ. ೨೦೧೪ರಲ್ಲಿ ಅವರು ತೀರಿಕೊಂಡರು. ಮೂರ್ತಿಯವರು ಆಟೋಟಗಳ ಚಿತ್ರಗಾರರಲ್ಲ, ಕಥಾಚಿತ್ರಗಳವರು. ಆದರೂ ಅವರನ್ನಿಲ್ಲಿ ಸ್ಮರಿಸಿದ್ದು ವ್ಯತ್ಯಾಸವನ್ನು ತೋರಿಸುವ ನಿಮಿತ್ತ. ಕಥಾಚಿತ್ರದವನು ಸೂರ್ಯನನ್ನೇ ಕನ್ನಡಿಯಲ್ಲಿ ಹಿಡಿದು ತನಗೆ ಬೇಕಾದ ಕಡೆ ಕೂರಿಸಬಲ್ಲನು. ಸರಿಹೋಗದಿದ್ದರೆ ಇನ್ನೊಮ್ಮೆ ತೆಗೆಯಬಲ್ಲನು. ಆಟದ ಮೈದಾನದಲ್ಲಿ ಸೂರ್ಯನೂ ಮಾತು ಕೇಳನು, ಆಟಗಾರನೂ ಕೇಳನು.

ಈ ಮಾತಿಗೆ ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮುಷ್ಟಿಯ ಆಯುಧ ತೊಟ್ಟು ಜೋಡಿಯಾಗಿ ಇಳಿಯುವರು. ಒಬ್ಬನ ತಲೆಯಿಂದ ನೆತ್ತರು ಕಾಣಿಸಿದೊಡನೆ ಕಾಳಗ ಮುಗಿಯಿತು. ಒಂದು ನಿಮಿಷವೂ ಆಗಬಹುದು, ನಾಲ್ಕೇ ಉಸಿರೂ ಆಗಬಹುದು. ಜಟ್ಟಿಗಳು ಅದಕ್ಕಾಗಿ ತಿಂಗಳುಗಟ್ಟಲೆ ಮೈ ಹುರಿಗೊಳಿಸಿರುವರು. ಸಾವಿರಾರು ಜನ ಬೆಳಗಿನಿಂದ ಕಾದಿರುವರು. ಆ ನಾಲ್ಕು ಉಸಿರಿನಲ್ಲಿ ಛಾಯಾಗ್ರಾಹಕನು ಹಣೆಯ ಬೆವರೊರಸಿಕೊಂಡನೋ, ಅವನಿಗೆ ಇನ್ನು ಮುಂದಿನ ವಿಜಯದಶಮಿಯೇ ಗತಿ. ಜಟ್ಟಿಯನ್ನು ಕರೆದು, “ಅಪ್ಪಾ, ಆ ಪೆಟ್ಟನ್ನು ಇನ್ನೊಮ್ಮೆ ಕೊಡು” ಎನ್ನಲು ಬರುವುದೆ?

ಹಾಗೆ ಕೇಳಿದವರೂ ಲೋಕದಲ್ಲಿ ಇದ್ದರು. ೧೯೩೬ರ ಬರ್ಲಿನ್ ಒಲಿಂಪಿಕ್ಸಿನ ಚಿತ್ರವನ್ನು ತೆಗೆದವಳು ಲೆನಿ ರೀಫೆನ್‌ಸ್ಟಾಲ್ ಎಂಬ ಮಹಿಳೆ. ಇಂದಿಗೂ ಈ ವಿದ್ಯೆಯವರು ಅದನ್ನು ನೋಡಿ ಕಲಿಯುವರು. ನೆಗೆಯುವವರನ್ನು ಆಕಾಶದ ಹಿನ್ನೆಲೆಯಲ್ಲಿ ತೋರಿಸಲು ಅವಳು ಮೈದಾನದಲ್ಲಿ ಹಳ್ಳ ತೋಡಿಸಿ ಅದರೊಳಗೆ ಕ್ಯಾಮರಾದವರನ್ನು ಇಳಿಸಿದಳು. ಓಟದ ದಾರಿಯ ಪಕ್ಕದಲ್ಲಿ ಹಳಿ ಹಾಕಿಸಿ ಕ್ಯಾಮರಾ ಓಡಿಸಿದಳು. ಹಾನ್ಸ್ ಎರ್ಟ್ಲ್ ಎಂಬುವನು ಕ್ಯಾಮರಾದೊಡನೆ ನೀರಿಗಿಳಿದು, ಧುಮುಕುವವರನ್ನು ನೀರಿನ ಮೇಲೂ ಒಳಗೂ ಹಿಡಿದನು. ಒಟ್ಟು ತೆಗೆದ ಫಿಲ್ಮು ಸುಮಾರು ನಾಲ್ಕು ಲಕ್ಷ ಮೀಟರು. ಅದನ್ನು ಕತ್ತರಿಸಿ ಜೋಡಿಸುವುದಕ್ಕೇ ಒಂದೂವರೆ ವರ್ಷಕ್ಕೂ ಮಿಗಿಲಾಗಿ ಹಿಡಿದು, ೧೯೩೮ರ ಏಪ್ರಿಲ್ ೨೦ರಂದು ‘ಒಲಿಂಪಿಯಾ’ ಎಂಬ ಹೆಸರಿನಿಂದ ಅದು ಪ್ರದರ್ಶಿತವಾಯಿತು. ಗಳೆ ನೆಗೆತದ ಕೊನೆಯ ಸ್ಪರ್ಧೆ ಕತ್ತಲಾಗುವವರೆಗೂ ನಡೆದುದರಿಂದ ಚಿತ್ರ ಸರಿಯಾಗಿ ಬಾರದೆ, ಅವಳು ಆಟಗಾರರನ್ನು ಮರಳಿ ಕರೆಯಿಸಿ ಬೆಳಕು ಹಾಕಿಸಿ ಮತ್ತೆ ನೆಗೆಯಿಸಿದಳು. ನೋಡಿದವರಿಗೆ ಇದು ತಿಳಿಯದು. ಇದು ತಪ್ಪೋ ಸರಿಯೋ ಎಂದು ಕೇಳಿದರೆ, ನಾಟಕವೆಂದು ತೋರಿಸಿದ್ದರೆ ಸರಿ, ಸಾಕ್ಷ್ಯವೆಂದು ತೋರಿಸಿದ್ದರಿಂದ ಸರಿಯಲ್ಲವೆಂಬುದೇ ನಮ್ಮ ಉತ್ತರ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಆ ಚಿತ್ರಕ್ಕೆ ಹಣ ಕೊಟ್ಟದ್ದು ಒಳಗಿಂದೊಳಗೆ ಹಿಟ್ಲರನ ಸರಕಾರ. ಪ್ರದರ್ಶನಕ್ಕೆ ಆರಿಸಿಕೊಂಡ ದಿನವೂ ಅವನ ಹುಟ್ಟಿದ ದಿನ. ನಾಲ್ಕು ಚಿನ್ನದ ಪದಕ ಗೆದ್ದ ಕರಿಯ ಓಟಗಾರ ಜೆಸ್ಸಿ ಓವೆನ್ಸನ ಓಟವನ್ನು ಆ ಚಿತ್ರವು ಮರೆಮಾಡಲಿಲ್ಲವೆಂಬುದು ನಿಜ. ಆದರೆ ಮೈದಾನದ ಗೋಡೆಯಾಚೆ ಆ ಸರಕಾರವು ತನ್ನ ಯೆಹೂದಿ ಪ್ರಜೆಗಳಿಗೆ ಮಾಡುತ್ತಿದ್ದ ಅನ್ಯಾಯದ ನೆರಳು ಕೂಡ ಆ ಸುಂದರ ಚಿತ್ರದಲ್ಲಿ ಬೀಳಲಿಲ್ಲ. ಸಂಜಯನಿಗೂ ಅನ್ನ ಹಾಕುತ್ತಿದ್ದವನು ಧೃತರಾಷ್ಟ್ರನೇ. ಹಾಗಿದ್ದರೂ ‘ನಿನ್ನ ಮಗನು ಬಿದ್ದನು’ ಎಂಬುದನ್ನು ಅವನು ಮುಚ್ಚಿಡಲಿಲ್ಲ. ‘ತಪ್ಪು ನಿನ್ನದು’ ಎನ್ನಲೂ ಹಿಂಜರಿಯಲಿಲ್ಲ. ಕಣ್ಣಾಗತಕ್ಕವನಿಗೆ ಕೈಚಳಕವೊಂದೇ ಸಾಲದು. ಯಾರಿಗಾಗಿ ನೋಡುತ್ತಿದ್ದೇನೆ, ಯಾವುದರಿಂದ ಕಣ್ಣು ತಿರುಗಿಸುತ್ತಿದ್ದೇನೆ ಎಂಬ ಎಚ್ಚರವೂ ಬೇಕು.

ಇದಕ್ಕೆ ಎದುರಾಗಿ ಇಡಬಹುದಾದ ಚಿತ್ರ ಜಪಾನಿನದು. ೧೯೬೪ರ ಟೋಕಿಯೋ ಒಲಿಂಪಿಕ್ಸನ್ನು ಕೋನ್ ಇಚಿಕಾವಾ ಎಂಬ ನಿರ್ದೇಶಕನು ನೂರಕ್ಕೂ ಹೆಚ್ಚು ಕ್ಯಾಮರಾಗಳಿಂದ ಸೆರೆಹಿಡಿದು ೧೯೬೫ರಲ್ಲಿ ತೆರೆಗೆ ತಂದನು. ಅದರಲ್ಲಿ ಗೆದ್ದವರಿಗಿಂತ ಸೋತವರ ಮುಖಗಳು ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ಉಳಿಯುವುವು. ಆಫ್ರಿಕದ ಚಾಡ್ ಎಂಬ ದೇಶವು ಸ್ವತಂತ್ರವಾಗಿ ಆಗಿನ್ನೂ ನಾಲ್ಕೇ ವರ್ಷ. ಅಲ್ಲಿಂದ ಅಹಮದ್ ಇಸಾ ಎಂಬ ತರುಣನು ೮೦೦ ಮೀಟರಿನ ಓಟಕ್ಕೆ ಬಂದಿದ್ದನು. ಕ್ಯಾಮರಾವು ಅವನ ಬೆನ್ನು ಹತ್ತುವುದು: ಊಟದ ಮನೆಯಲ್ಲಿ ಅಷ್ಟು ಜನರ ನಡುವೆ ಅವನು ಒಬ್ಬನೇ ಕುಳಿತು ಉಣ್ಣುವುದು, ಊರಿನ ಬೀದಿಯಲ್ಲಿ ಒಬ್ಬನೇ ಅಲೆಯುವುದು, ಕೊನೆಗೆ ಅಂತಿಮ ಓಟಕ್ಕೆ ಮುನ್ನಿನ ಸುತ್ತಿನಲ್ಲಿಯೇ ಸೋತು ಹಿಂತಿರುಗುವುದು. ಪದಕದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆದರೆ ಆ ಚಿತ್ರವನ್ನು ಕಂಡವರು ಅವನನ್ನು ಮರೆಯಲಾರರು. ಮ್ಯಾರಥಾನ್ ಓಟದಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲನನ್ನು ತೋರಿಸುವ ಭಾಗವೂ ಅಂತಹುದೇ. ೧೯೬೦ರಲ್ಲಿ ರೋಮಿನಲ್ಲಿ ಬರಿಗಾಲಿನಲ್ಲಿ ಓಡಿ ಗೆದ್ದಿದ್ದ ಅವನು, ಟೋಕಿಯೋಗೆ ಬರುವ ಕೆಲವೇ ವಾರ ಮೊದಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದನು. ಉದ್ದನೆಯ ಲೆನ್ಸು ಅವನ ಮುಖವನ್ನು ತುಂಬ ಹೊತ್ತು, ನಿಧಾನವಾಗಿ ತೋರಿಸುವುದು. ಆ ಮುಖದಲ್ಲಿ ಗೆಲುವಿನ ಗರ್ವವಿಲ್ಲ, ಧ್ಯಾನಸ್ಥನ ಮುಖದಂತಿದೆ. ಚಿತ್ರವನ್ನು ನೋಡಿದ ಅಧಿಕಾರಸ್ಥರು ಮುಖ ಗಂಟಿಕ್ಕಿದರು. ತಮಗೆ ಬೇಕಾಗಿದ್ದುದು ಯಾರು ಗೆದ್ದರೆಂಬ ದಾಖಲೆ, ಇದಲ್ಲ ಎಂದರು. ಜನರಾದರೋ ತಂಡೋಪತಂಡವಾಗಿ ಹೋಗಿ ನೋಡಿದರು.

ಚಿತ್ರವು ದಿಟವಾಗಿದ್ದು, ಅದರೊಡನೆ ಬರುವ ಮಾತು ಸಟೆಯಾಗುವುದೂ ಉಂಟು. ೨೦೨೦ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೋಡಿಯನ್ನು ಓಡಿಸುತ್ತ ೧೪೨.೫ ಮೀಟರನ್ನು ೧೩.೬೨ ಸೆಕೆಂಡುಗಳಲ್ಲಿ ಮುಟ್ಟಿದರು. ಕೆಸರು ನೀರು ಎರಡಾಳೆತ್ತರಕ್ಕೆ ಚಿಮ್ಮುವ ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶವನ್ನೆಲ್ಲ ಸುತ್ತಿತು. ತ್ರೈರಾಶಿಕ ಹಾಕಿದವರು ನೂರು ಮೀಟರಿಗೆ ೯.೫೫ ಸೆಕೆಂಡೆಂದು ಲೆಕ್ಕ ತೆಗೆದು, ಉಸೇನ್ ಬೋಲ್ಟನ ೯.೫೮ ಸೆಕೆಂಡಿನ ದಾಖಲೆಯೂ ಮುರಿಯಿತೆಂದು ಸಾರಿದರು. ಕೇಂದ್ರದ ಕ್ರೀಡಾಮಂತ್ರಿಗಳೇ ಅವರನ್ನು ಪರೀಕ್ಷಾ ಓಟಕ್ಕೆ ಕರೆದರು. ಕಂಬಳದಲ್ಲಿ ಓಡುವವನನ್ನು ಕೋಣಗಳು ಎಳೆದೊಯ್ಯುವುವೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ವಿವೇಕದ ಮಾತನ್ನಾಡಿದವರು ಗೌಡರೇ: ಗದ್ದೆಯ ಓಟವೇ ಬೇರೆ, ಮೈದಾನದ ಓಟವೇ ಬೇರೆ ಎಂದು ಹೇಳಿ, ಅವರು ತಮ್ಮ ಕೋಣಗಳ ಬಳಿಯೇ ಉಳಿದರು. ಕಂಬಳವನ್ನು ಕಂಬಳವಾಗಿಯೇ ತೋರಿಸಬಲ್ಲ ಛಾಯಾಗ್ರಾಹಕನು ಅದರ ಹಗ್ಗ, ನೇಗಿಲು, ಹಲಗೆಗಳ ಭೇದವನ್ನು ಅರಿತಿರಬೇಕು. ಕೋಣ ಸಾಕುವ ಮನೆಯ ಕೊಟ್ಟಿಗೆಯಲ್ಲಿ ನಾಲ್ಕು ದಿನ ಕುಳಿತಿರಬೇಕು.

ಇನ್ನು ಆ ತಾಯಿತಂದೆಗಳ ಪ್ರಶ್ನೆ: ಇದರಿಂದ ಜೀವನ ಸಾಗುವುದೇ? ಮರೆಮಾಚದೆ ಹೇಳಬೇಕಾದರೆ, ಇದು ತಿಂಗಳ ಸಂಬಳದ ಕೆಲಸವಾಗಿರುವುದು ಕಡಿಮೆ. ಹೆಚ್ಚಿನವರಿಗೆ ದಿನದ ಲೆಕ್ಕದಲ್ಲಿ, ಪಂದ್ಯದ ಲೆಕ್ಕದಲ್ಲಿ ಕೂಲಿ. ಒಂದು ತಿಂಗಳು ಉಸಿರಾಡಲು ಬಿಡುವಿಲ್ಲ; ಇನ್ನೊಂದು ತಿಂಗಳು ಕರೆಯೇ ಇಲ್ಲ. ಹೆಗಲು, ಸೊಂಟ, ಮಂಡಿ ಮೊದಲು ಸೋಲುವುವು. ಹಬ್ಬಹರಿದಿನಗಳಲ್ಲಿ ಮನೆಯಲ್ಲಿರುವ ಭಾಗ್ಯ ವಿರಳ, ಏಕೆಂದರೆ ಲೋಕಕ್ಕೆ ರಜೆಯಿದ್ದಾಗಲೇ ಆಟ. ಮೊದಲ ಕೆಲವು ವರ್ಷ ಹಿರಿಯರ ಪೆಟ್ಟಿಗೆ ಹೊರುವುದು, ಲೆನ್ಸು ಒರಸುವುದು, ಬ್ಯಾಟರಿ ತುಂಬುವುದು. ಇದು ಅವಮಾನವಲ್ಲ, ಗುರುಕುಲವಾಸ. ಕಾಯುವ ತಾಳ್ಮೆಯೇ ಇಲ್ಲಿಯ ದೊಡ್ಡ ಬಂಡವಾಳ. ಈ ತಾಳ್ಮೆಗೆ ಮಾದರಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನ ಕೃಪಾಕರ ಮತ್ತು ಸೇನಾನಿಯವರು ಬಂಡೀಪುರದ ಸೀಳುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ತೆಗೆದ ಚಿತ್ರಗಳನ್ನು ಹೊರದೇಶದವರೂ ಮೆಚ್ಚಿರುವರು.

ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸವೆಂದು ಕೆಲವರು ಅನ್ನುವರು. ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’ ಚಿತ್ರಗಳನ್ನು ನಿರ್ದೇಶಿಸಿದ ಬಿ. ಆರ್. ಪಂತುಲು ಅವರ ಮಗಳು ಬಿ. ಆರ್. ವಿಜಯಲಕ್ಷ್ಮಿಯವರು ೧೯೮೫ರಲ್ಲಿಯೇ ಸ್ವತಂತ್ರ ಛಾಯಾಗ್ರಾಹಕಿಯಾಗಿ, ಏಷ್ಯಾಖಂಡದಲ್ಲಿಯೇ ಮೊದಲಿಗರೆಂದು ಹೆಸರಾದರೆಂಬುದನ್ನು ಅಂಥವರಿಗೆ ನೆನಪು ಮಾಡಿಕೊಟ್ಟರೆ ಸಾಕು.

ನಾವು ಆ ಗೃಹಸ್ಥರಿಗೆ ಹೇಳಿದ ಮಾತು ಇಷ್ಟು: ಗದ್ದೆಯನ್ನು ಅಡವಿಡಬೇಡಿ. ಕ್ಯಾಮರಾ ಕೊಳ್ಳುವುದು ವಿದ್ಯೆಯ ಮೊದಲಲ್ಲ, ಕೊನೆ. ಇಂದು ಕೊಂಡ ಯಂತ್ರ ನಾಲ್ಕು ವರ್ಷಕ್ಕೆ ಹಳತಾಗುವುದು, ಗದ್ದೆ ಹಳತಾಗುವುದಿಲ್ಲ. ಮೂರ್ತಿಯವರು ಕಲಿತ ಆ ಶಾಲೆಯೇ ಈಗ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಸರಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿ ನಡೆಯುತ್ತಿದೆ. ಛಾಯಾಗ್ರಹಣದ ಡಿಪ್ಲೊಮಾ ಅಲ್ಲಿ ಉಂಟು. ಕಲಿಯುವ ಕಾಲದಲ್ಲಿ ಶಾಲೆಯ ಯಂತ್ರ, ಕೆಲಸದ ಕಾಲದಲ್ಲಿ ಬಾಡಿಗೆಯ ಯಂತ್ರ. ಸ್ವಂತದ್ದು ಸ್ವಂತ ಸಂಪಾದನೆಯಿಂದ. ಹುಡುಗನಿಗೆ ಹೇಳಿದ ಮಾತು ಬೇರೆ: ನೀನು ಗರಡಿಯಲ್ಲಿ ಬಿದ್ದೆದ್ದವನು, ಪಟ್ಟು ಬೀಳುವ ಮುಂಚೆ ಪೈಲವಾನನ ಹೆಗಲು ಎತ್ತ ಓಲುವುದೆಂಬುದು ನಿನಗೆ ಗೊತ್ತು. ಪರದೇಶದ ಯಾವ ಶಾಲೆಯೂ ಅದನ್ನು ಹೇಳಿಕೊಡದು. ಅದೇ ನಿನ್ನ ಬಂಡವಾಳ. ಮೊದಲು ಅದರಿಂದ ವ್ಯಾಪಾರ ಮಾಡು. ಹುಡುಗನು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡದ್ದುಂಟು. ಆದರೂ ಅರ್ಜಿ ಹಾಕಿರುವನು. ಗದ್ದೆಯಲ್ಲಿ ಈ ಸಲದ ನಾಟಿಯೂ ಆಗಿದೆ.

ಉಳಿದ ವಾಚಕರಿಗೆ ಒಂದು ಬಿನ್ನಹ. ಎಲ್ಲರೂ ದೇಶಾಂತರ ಹೋಗಬೇಕಾಗಿಲ್ಲ; ಕೈಯಲ್ಲಿ ಮೊಬೈಲು ಇರುವ ಪ್ರತಿಯೊಬ್ಬರೂ ಇಂದು ಅರೆ ಛಾಯಾಗ್ರಾಹಕರೇ. ಸುತ್ತೂರು ಜಾತ್ರೆಯ ಕುಸ್ತಿ, ದಸರೆಯ ನಾಡಕುಸ್ತಿ, ಯುಗಾದಿಯ ಎತ್ತಿನ ಓಟ, ಶಾಲೆಯ ಬಯಲಿನ ಕಬಡ್ಡಿ, ಇವು ನಮ್ಮ ಕಣ್ಣಮುಂದೆಯೇ ನಡೆಯುತ್ತಿರುವುವು. ನಮ್ಮ ಸೀಮೆಯಲ್ಲಿ ಎಷ್ಟೋ ಗರಡಿಮನೆಗಳ ಬಾಗಿಲಿಗೆ ಬೀಗ ಬಿದ್ದಿದೆ. ಪಟ್ಟುಗಳ ಹೆಸರು ಬಲ್ಲ ಉಸ್ತಾದರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿರುವರು. ಅವರು ಮಣ್ಣಿಗಿಳಿ­ದು ಒಂದು ಪಟ್ಟನ್ನು ತೋರಿಸಬಲ್ಲ ಶಕ್ತಿಯಿರುವಾಗಲೇ ಅದನ್ನು ಹಿಡಿದಿಡಿ. ಮೊಬೈಲನ್ನು ಅಡ್ಡವಾಗಿ ಹಿಡಿಯಿರಿ; ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಅಲುಗಾಡದೆ ನಿಲ್ಲಿರಿ; ಸೂರ್ಯನನ್ನು ನಿಮ್ಮ ಬೆನ್ನಿಗೋ ಹೆಗಲಿಗೋ ಬಿಡಿ; ಪಟ್ಟು ಮುಗಿದ ಮೇಲೂ ಹತ್ತು ಎಣಿಸುವವರೆಗೆ ನಿಲ್ಲಿಸಬೇಡಿ, ಸೋತವನ ಮುಖ ಕಾಣುವುದು ಆಗಲೇ. ತರುವಾಯ ಯಾರು, ಯಾವ ಊರು, ಯಾವ ದಿನವೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೆಸರಿಲ್ಲದ ಚಿತ್ರವು ಮೊಮ್ಮಕ್ಕಳ ಕಾಲಕ್ಕೆ ಮೂಕವಾಗುವುದು.

ಮುಂದಿನ ಸಲ ಮನೆಯಲ್ಲಿ ಪಂದ್ಯ ನೋಡುವಾಗ, ಗೆದ್ದವರಿಗೆ ಚಪ್ಪಾಳೆ ತಟ್ಟಿದ ಮೇಲೆ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾಗಿಹೋಗುವ ಹೆಸರುಗಳನ್ನು ಮಕ್ಕಳಿಂದ ಒಮ್ಮೆ ಓದಿಸಿರಿ. ಸಂಜಯನಿಗೆ ಸಲ್ಲತಕ್ಕ ಗೌರವ ಅಷ್ಟಾದರೂ ಸಲ್ಲಲಿ.